ಹಳ್ಳ ಯಾರಪ್ಪಂದೂ ಅಲ್ಲ

ಅವ್ವನಿಗೆ ಜಳಕ ಮಾಡಿಸಿ ಉಳಿದಿದ್ದ ಒಂದು ತಂಬಿಗೆ ಬಿಸಿನೀರನ್ನು ಸುಧಾರಾಣಿ ತಂದು ಜೀಪಿನ ಬ್ಯಾಟರಿಯ ಮೇಲೆ ಸುರಿದಳು. ತುದಿಗಳಿಗೆ ಕಟ್ಟಿದ್ದ ಬಿಳಿ ಹಿಟ್ಟಿನಂಥದು ಬುಸುಬುಸು ಅಂದು ಕರಗಿ ಇಳಿಯಿತು. ಪಾನಾ ಹಿಡಿದು ಎರಡೂ ನಟ್ಟು ಬಿಗಿದಳು.

ಪಡಸಾಲೆಯಲ್ಲಿ ಭಜನೆ ನಿಂತುಹೋಯಿತು. ತಾಳದವರು ತಾಳ ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದರು. ಅವರ ಬೆನ್ನ ಹಿಂದೆ ಅವ್ವ, ಕರೆವ್ವ, ಗೋಡೆಗೆ ಒರಗಿ ಕೂತಿದ್ದಳು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಮಾಲೆ. ಗೋಣು ಬಾಗಬಾರದೆಂದು ಬಿಳಿ ಅರಿವೆಯಿಂದ ಗೂಟಕ್ಕೆ ಕಟ್ಟಿದ್ದರು. ಬದುಕಿದ್ದಾಗ ಹಾಗೆ ಕಟ್ಟುವ ಜರೂರಿ ಯಾರಿಗೂ ಬಿದ್ದಿರಲಿಲ್ಲ.

"ಹೆಣಾ ಒಳಗ ಕುಂತೈತಿ, ಮಗಳು ಹೊರಗ ಮಿಸ್ತ್ರಿ ಕೆಲಸಾ ಮಾಡಾಕತ್ತಾಳ," ಅಂದಳು ಓಣಿಯ ಮುದುಕಿಯೊಬ್ಬಳು. "ತಾಯಿ ಹುಚ್ಚು ಮಗಳಿಗೂ ಬಂತು."

"ಬರಲಿ ಬಿಡಬೇ," ಅಂದಳು ಸುಧಾರಾಣಿ, ತಲೆ ಎತ್ತದೆ. "ಆಕಿ ಬಿಟ್ಟು ಹೋಗಿದ್ದು ಅದೊಂದ."

ಒಂದು ತಾಸಿನ ಹಿಂದೆ ಅವಳಿಗೆ ಈ ವಿಚಾರವೇ ಇರಲಿಲ್ಲ. ಸುಧಾರಾಣಿ ಶಿಗ್ಗಾವಿಯಲ್ಲಿ ಹೊಲಿಗೆ ಅಂಗಡಿ ಇಟ್ಟವಳು. ನಿನ್ನೆ ಸಂಜೆ ಫೋನು ಬಂದಾಗ ಯಾರದೋ ಕುಪ್ಪಸಕ್ಕೆ ತೋಳು ಹಚ್ಚುತ್ತಿದ್ದಳು. ಕರೆವ್ವ ಹೊಲದಿಂದ ಬಂದು, ಮನೆ ಮುಂದೆ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದಳಂತೆ. ಓಣಿಯವರು ಮಾತಾಡಿಸುವಷ್ಟರಲ್ಲಿ ಜೀವ ಹೋಗಿತ್ತು. ಅರವತ್ತಾರು ವಯಸ್ಸು.

ಮುಂಜಾನೆ ಪರಮೇಶ್ವರಪ್ಪ ಬಂದ. ಕರೆವ್ವನ ಮೈದುನ. ಅತ್ತಿಗೆಯ ಪಾದ ಮುಟ್ಟಿ ಹೊರಗೆ ಬಂದಾಗ ಅವನ ಕಣ್ಣು ಕೆಂಪಾಗಿದ್ದವು. ಹತ್ತು ವರ್ಷದ ಹುಡುಗನಿದ್ದಾಗ ಅವನಿಗೆ ಹಾಲಲ್ಲಿ ರೊಟ್ಟಿ ಮುರಿದು ತಿನ್ನಿಸಿದವಳು ಇವಳೇ. ಇವಳ ಹೊಲಕ್ಕೆ ಹೋಗುವ ದಾರಿಗೆ ತಂತಿ ಬೇಲಿ ಎಳೆದು, ಗೇಟಿಗೆ ಕೀಲಿ ಜಡಿದು, "ಹೋಗೂದಿದ್ರ ನನ್ನ ಕೇಳಿ ಹೋಗು" ಅಂದವನೂ ಅವನೇ. ಕಣ್ಣೀರೂ ಖರೆ, ಕೀಲಿಯೂ ಖರೆ. ಮನುಷ್ಯ ಅಂದರೆ ಹಾಗೇ.

"ಸುಧಾ, ಹಳ್ಳ ಬಂದೈತಿ," ಅಂದ. "ಮೊಣಕಾಲಮಟ ನೀರು, ಕೆಳಗ ರಾಡಿ. ಹೆಣದ ವಿಮಾನ ಹೊತ್ತವ್ರು ಜಾರಿದ್ರ ಹೆಣ ನೀರಾಗ ಬೀಳತೈತಿ. ಊರ ರುದ್ರಭೂಮಿಗೆ ಒಯ್ಯೂಣು."

"ತನ್ನ ಹೊಲದಾಗ ಅಂತ ಅವ್ವ ಹೇಳ್ಯಾಳ್ರಿ ಕಾಕಾ. ಅಪ್ಪನ ಬಾಜೂಕ. ಆಳು ಕಳಿಸಿ ಕುಣಿ ತೋಡಿಸೇನಿ."

"ಹಂಗಾರ ನನ್ನ ಹೊಲದಾಗ ಹಾಯಿಸಿ ಒಯ್ಯೂಣು. ಗೇಟ ತಗೀತೇನಿ. ಇವತ್ತೊಂದಿನ."

"ನಾಳೆ?"

"ನಾಳಿದು ನಾಳೆ."

ಸುಧಾರಾಣಿ ಹೂಂ ಅನ್ನುವುದರಲ್ಲೇ ಇದ್ದಳು. ಅವನ ಹೊಲದಲ್ಲಿ ಹಳ್ಳಕ್ಕೆ ಪೈಪು ಹಾಕಿದ ಕಿರುಸೇತುವೆ ಇದೆ, ಕಾಲು ಕೂಡ ಒದ್ದೆಯಾಗುವುದಿಲ್ಲ. ಊರಲ್ಲಿದ್ದ ಎರಡು ಟ್ರ್ಯಾಕ್ಟರುಗಳಲ್ಲಿ ಒಂದು ಪರಮೇಶ್ವರಪ್ಪನದು, ಇನ್ನೊಂದು ಅವನ ಬೀಗರದು. ಬೇರೆ ಉಪಾಯವೇ ಇರಲಿಲ್ಲ. ಆದರೆ ನೀರಿಗೆಂದು ಹಿತ್ತಲಿಗೆ ಹೋದವಳಿಗೆ, ಕಟ್ಟೆಯ ಮೇಲೆ ಹಿರಿಯರ ನಡುವೆ ಕೂತ ಕಾಕಾನ ಮಾತು ಕೇಳಿಸಿತು.

"ಆರು ವರ್ಷ ನನ್ನ ಹೊಲಾ ತುಳಿಯಾಂಗಿಲ್ಲ ಅಂದಾಕಿ. ಕಡೀಕ ಹೆಣಾ ಆದ್ರೂ ನನ್ನ ಗೇಟನ್ಯಾಗ ಹಾದು ಹೋಗಬೇಕಾತು ನೋಡ್ರಿ."

ಸಿಟ್ಟಿನಿಂದ ಅಂದದ್ದಲ್ಲ. ಮಳೆ ಬೆಳೆ ಮಾತಾಡಿದಂತೆ ಅಂದ. ಅದಕ್ಕೇ ಸುಧಾರಾಣಿಗೆ ಅಂಗಾಲಿನ ಉರಿ ನೆತ್ತಿಗೇರಿತು. ಹಿತ್ತಲಿನಿಂದ ಅವಳು ನೀರಿನ ಜೊತೆ ಪಾನಾವನ್ನೂ ತಂದಳು.

* * *

ಗೇಟಿಗೆ ಕೀಲಿ ಬಿದ್ದ ವರ್ಷ ಕರೆವ್ವನಿಗೆ ಎಲ್ಲರೂ ಬುದ್ಧಿ ಹೇಳಿದರು. ಕೇಸು ಹಾಕು ಅಂದರು. ಹೊಲ ಮೈದುನನಿಗೇ ಗುತ್ತಿಗೆಗೆ ಕೊಡು ಅಂದರು. ಒಂದು ಮಾತು ಕೇಳಿದರೆ ಬಾಯೇನು ಸವೆಯುತ್ತದೆ ಅಂದರು.

"ಕೇಸು ಹಾಕಿದ್ರ ನಾ ಸತ್ತ ಮ್ಯಾಲ ದಾರಿ ಸಿಗತೈತಿ," ಅಂದಳು ಕರೆವ್ವ. "ಹಳ್ಳ ಇವತ್ತ ಐತಿ. ಹಳ್ಳ ಯಾರಪ್ಪಂದೂ ಅಲ್ಲ."

ಬೇಸಿಗೆಯಲ್ಲಿ ಹಳ್ಳದಲ್ಲಿ ಚಕ್ಕಡಿ ಹೋದೀತು. ಮಳೆಗಾಲದಲ್ಲಿ ಎತ್ತಿನ ಕಾಲು ಹೂತು ನಿಲ್ಲುತ್ತವೆ. ಆದ್ದರಿಂದ ಅವಳು ಅಕ್ಕಿಆಲೂರಿಗೆ ಹೋಗಿ ಜೀಪು ಕೊಂಡಳು. ಅಕ್ಕಿ ಗಿರಣಿಯೊಂದರ ಹಿಂದೆ ಮೂರು ವರ್ಷದಿಂದ ನಿಂತಿತ್ತು. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. "ನಾಕೂ ಗಾಲಿ ಎಳೀತಾವು ಬೇ," ಅಂದ ಮಾರುವವನು. ಗಂಡ ಇದ್ದಾಗ ಬಾಡಿಗೆ ಟ್ರ್ಯಾಕ್ಟರು ಹೊಡೆದು ರೂಢಿಯಿದ್ದ ಕರೆವ್ವ, ಕೋಳಿಯನ್ನು ಇಳಿಸಿ, ಜೀಪನ್ನು ತಾನೇ ಹೊಡೆದುಕೊಂಡು ಬಂದಳು.

ಮೊದಲ ದಿನವೇ ಜೀಪು ಹಳ್ಳದ ನಡುವೆ ಹೂತು ನಿಂತಿತು. ಹಿಂದಿನ ಗಾಲಿ ಕೆಸರು ಚಿಮ್ಮಿಸಿದವು, ಮುಂದಿನವು ತೆಪ್ಪಗಿದ್ದವು. ದಂಡೆಯ ಮೇಲೆ ನಿಂತ ಜನ ನಕ್ಕರು. ಕರೆವ್ವ ಕಚ್ಚೆ ಹಾಕಿ, ಕೆಸರಿನಲ್ಲೇ ಅಂಗಾತ ಮಲಗಿ, ಜೀಪಿನ ಕೆಳಗೆ ಹೊಕ್ಕಳು. ಹಿಂದಿನ ಗಾಲಿಗಳಿಗೆ ಹೋಗುವ ಶಾಫ್ಟು ಇತ್ತು. ಮುಂದಿನವಕ್ಕೆ ಹೋಗಬೇಕಾದದ್ದು ಇರಲೇ ಇಲ್ಲ. ಯಾರೋ ಯಾವ ಕಾಲಕ್ಕೋ ಬಿಚ್ಚಿಕೊಂಡಿದ್ದರು.

"ನಾಕೂ ಗಾಲಿ ತಿರಗತಾವು, ಎಳ್ಯಾವು ಎರಡ," ಅಂದಳು ಹೊರಗೆ ಬಂದು. ಬೈಗುಳ ಅದಾದ ಮೇಲೆ ಬಂದವು.

ಮಿಸ್ತ್ರಿಗಳು ಗುಜರಿಗೆ ಹಾಕು ಅಂದರು. ಸರಿ ಎಂದು ಕರೆವ್ವ ಗುಜರಿಗೇ ಹೋದಳು, ಆದರೆ ಹಾಕಲಿಕ್ಕಲ್ಲ, ತರಲಿಕ್ಕೆ. ಸವಣೂರಿನಲ್ಲಿ ದಾವಲಬಿ ಎಂಬವಳು ಸತ್ತ ಗಂಡನ ಗುಜರಿ ಅಂಗಡಿ ನಡೆಸುತ್ತಿದ್ದಳು. ಇಬ್ಬರೂ ಕೂಡಿ ಒಂದು ದಿನವೆಲ್ಲ ತುಕ್ಕಿನ ರಾಶಿ ತಿರುವಿ ಹಾಕಿ, ಹೊಂದುವ ಶಾಫ್ಟು ಹುಡುಕಿದರು. ಚೀಲದಿಂದ ಅದರ ತುದಿ ಮೊಳದುದ್ದ ಹೊರಗೆ ಬಂದಿತ್ತು.

"ಏನ್ ಬೇ ಇದು, ನವಾಬರ ತೋಪೇನು?" ಅಂದ ಬಸ್ಸಿನ ಕಂಡಕ್ಟರ್.

"ಹೂನಪಾ. ಮೈದುನನ ಮ್ಯಾಲ ಹಾರಸಾಕ ಒಯ್ಯಾಕತ್ತೇನಿ."

ಆಮೇಲೆ ಎರಡು ತಿಂಗಳು ಬೇವಿನ ಮರದ ಕೆಳಗೆ ಜೀಪು, ಜೀಪಿನ ಕೆಳಗೆ ಕರೆವ್ವ. ಒಂದು ಸಾಮಾನು ಬಿಚ್ಚಿದರೆ ಹತ್ತು ಸಾಮಾನು ಕೈಗೆ ಬರುತ್ತಿದ್ದವು. ಬಿಚ್ಚಿದ ಕ್ರಮದಲ್ಲೇ ಅವನ್ನು ಕೇರುವ ಮೊರದಲ್ಲಿ ಸಾಲಾಗಿ ಇಡುತ್ತಿದ್ದಳು, ಕಡೆಯದನ್ನು ಮೊದಲು ಜೋಡಿಸುತ್ತಿದ್ದಳು. ತಪ್ಪಿದರೆ ಮತ್ತೆ ಬಿಚ್ಚುತ್ತಿದ್ದಳು. ರವಿವಾರ ಬಂದ ಸುಧಾರಾಣಿ, ರೊಟ್ಟಿಯೆಲ್ಲ ಡೀಸೆಲ್ ನಾರುತ್ತದೆ ಎಂದು ಸಿಡಿಮಿಡಿ ಮಾಡಿದರೆ, "ಹಂಗಾರ ನೀನ ಬಡಿ, ನಾ ನಟ್ಟ ಬಿಗೀತೇನಿ" ಅಂದಳು. ನಾಲ್ಕೂ ಗಾಲಿಗೆ ಎಳೆತ ಕೊಡುವ ಸಣ್ಣ ಲಿವರಿನ ತಲೆಯಲ್ಲಿ ಗುಂಡೇ ಇರಲಿಲ್ಲ. ಅದಕ್ಕೆ ಸುಧಾರಾಣಿಯ ಅಂಗಡಿಯಲ್ಲಿ ಉಳಿದ ಖಣದ ತುಂಡು ಸುತ್ತಿ ಹೊಲಿಸಿಕೊಂಡಳು.

ಅಲ್ಲಿಂದ ಆರು ಮಳೆಗಾಲ ಕರೆವ್ವ ಹಳ್ಳದಲ್ಲೇ ಹೋದಳು, ಹಳ್ಳದಲ್ಲೇ ಬಂದಳು. ಗೋವಿನಜೋಳದ ಚೀಲ, ಗೊಬ್ಬರ, ಕಳೆ ತೆಗೆಯುವ ಹೆಣ್ಣಾಳು, ಎಲ್ಲ ಅದರಲ್ಲೇ. ಒಂದು ವಿಷಯ ಮಾತ್ರ ಊರಿಗೆ ತಮಾಷೆಯಾಗಿತ್ತು. ನೀರಿಗೆ ಇಳಿಯುವ ಮುಂಚೆ ಅವಳು ಜೀಪು ನಿಲ್ಲಿಸಿ, ಇಳಿದು, ಮುಂದಿನ ಬಲ ಗಾಲಿಗೆ ಬಗ್ಗಿ, ಸುತ್ತಿ ಬಂದು ಎಡ ಗಾಲಿಗೆ ಬಗ್ಗಿ, ಆಮೇಲೆ ಹತ್ತುತ್ತಿದ್ದಳು. ದಂಡೆ ಹತ್ತಿದ ಮೇಲೂ ಇಳಿದು ಮತ್ತೊಮ್ಮೆ ಹಾಗೇ ಬಗ್ಗುತ್ತಿದ್ದಳು. ಹೋದಾಗಲೂ ಹಾಗೆ, ಬಂದಾಗಲೂ ಹಾಗೆ. ಯಾರಿಗೂ ಬಗ್ಗದ ಕರೆವ್ವ ಗಾಲಿಗೆ ಕೈ ಮುಗಿಯುತ್ತಾಳೆ ಎಂದು ಪರಮೇಶ್ವರಪ್ಪ ಕಟ್ಟೆಯ ಮೇಲೆ ಹೇಳಿ ನಗಿಸುತ್ತಿದ್ದ. ಅವಳ ಮಗ್ಗುಲಲ್ಲಿ ಕೂತು ಹೋದಾಗ ಸುಧಾರಾಣಿಯೂ ಇದನ್ನು ನೋಡಿದ್ದಳು. ವಯಸ್ಸಾಯಿತು, ಅವ್ವ ಮೆತ್ತಗಾದಳು ಅಂದುಕೊಂಡಿದ್ದಳು. ಭಕ್ತಿಯ ವಿಷಯ, ಕೇಳಲಿಕ್ಕೆ ಹೋಗಿರಲಿಲ್ಲ. ಜೀಪು ಹೊಡೆಯುವುದನ್ನು ಅವ್ವ ಅವಳಿಗೆ ಒಣ ಕಣದಲ್ಲಿ ಕಲಿಸಿದ್ದಳು. ಹಳ್ಳದ್ದು ಮುಂದೆ ನೋಡೋಣ ಅಂದಿದ್ದಳು.

* * *

ಜೀಪು ಮೂರನೇ ಸಲಕ್ಕೆ ಚಾಲೂ ಆಯಿತು. ಪರಮೇಶ್ವರಪ್ಪ ಕಟ್ಟೆಯಿಂದ ಎದ್ದು ಬಂದ.

"ಲಿಂಗವಂತರ ಹೆಣಾ ಜೀಪನ್ಯಾಗ ಒಯ್ತಿಯೇನು? ಅಯ್ಯನವರ, ನೀವರ ಹೇಳ್ರಿ."

ಕ್ರಿಯೆಗೆ ಬಂದಿದ್ದ ಅಯ್ಯನವರು ಎಲೆ ಅಡಿಕೆ ಒಂದು ದವಡೆಯಿಂದ ಇನ್ನೊಂದಕ್ಕೆ ಸರಿಸಿದರು. "ಹೆಣಾ ಕುಂದರಿಸಿ ಒಯ್ಯಬೇಕು ಅಂತ ಐತಿ. ಯಾತರ ಮ್ಯಾಲ ಕುಂದರಿಸಬೇಕು ಅಂತ ನಾ ಎಲ್ಲೂ ಕೇಳಿಲ್ಲ. ಕುಂದರಸ್ರಿ."

ನಾಲ್ವರು ಎತ್ತಿ ತಂದು ಕರೆವ್ವನನ್ನು ಮುಂದಿನ ಎಡ ಸೀಟಿನಲ್ಲಿ ಕೂರಿಸಿದರು. ಸುಧಾರಾಣಿ ಬಿಳಿ ಅರಿವೆಯಿಂದ ಎದೆ, ಸೊಂಟ ಸೀಟಿಗೆ ಬಿಗಿದು ಕಟ್ಟಿದಳು. ಕಟ್ಟುವಾಗ ಅವ್ವನ ಉಗುರಿನ ಸಂದಿಯಲ್ಲಿ ಕರಿ ಗ್ರೀಸು ಕಂಡಿತು. ಜಳಕ ಮಾಡಿಸಿದವರು ತಿಕ್ಕಿ ತಿಕ್ಕಿ ಸೋತಿದ್ದರು. ಆಗ ಅವಳಿಗೆ ಅಳು ಬಂತು. ಬಿಕ್ಕಿ ಬಿಕ್ಕಿ ಅತ್ತು, ಸೆರಗಿನಿಂದ ಮುಖ ಒರೆಸಿಕೊಂಡು ಗಂಟು ಹಾಕಿದಳು.

ಅಷ್ಟರಲ್ಲಿ ಸವಣೂರಿನಿಂದ ದಾವಲಬಿ ಬಂದಳು. ಕೈಯಲ್ಲಿ ಒಂದು ಕವಳಿಗೆ ವೀಳ್ಯದೆಲೆ. ಅದನ್ನು ಕರೆವ್ವನ ಉಡಿಯಲ್ಲಿಟ್ಟು, ಯಾರನ್ನೂ ಕೇಳದೆ ಹಿಂದಿನ ಸೀಟು ಹತ್ತಿದಳು. "ತಲಿ ನಾ ಹಿಡೀತೇನಿ. ನೀ ಹೊಡಿ ಬೇಟಾ," ಅಂದಳು.

ಮುಂದೆ ಭಜನೆ, ನಡುವೆ ಜೀಪು, ಹಿಂದೆ ಊರು. ಹಳ್ಳದ ದಂಡೆಗೆ ಬಂದಾಗ ಬಲಗಡೆ ಪರಮೇಶ್ವರಪ್ಪ ಗೇಟಿನ ಕೀಲಿ ತೆಗೆದು, ಬಾಗಿಲು ಪೂರಾ ತೆರೆದು ನಿಂತಿದ್ದ. "ಇನ್ನೂ ಹೊತ್ತು ಮೀರಿಲ್ಲ ಸುಧಾ, ಇತ್ತ ತಿರುಗಿಸು," ಅಂದ. ಸುಧಾರಾಣಿ ಅತ್ತ ನೋಡಲಿಲ್ಲ. ಜೀಪು ನಿಲ್ಲಿಸಿ ಇಳಿದಳು. ಅವ್ವ ಮಾಡುತ್ತಿದ್ದ ಹಾಗೆಯೇ ಬಲ ಗಾಲಿಗೆ ಬಗ್ಗಿ, ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಸುತ್ತಿ ಹೋಗಿ ಎಡ ಗಾಲಿಗೂ ನಮಸ್ಕಾರ ಮಾಡಿದಳು. ಹತ್ತಿ, ಖಣದ ಲಿವರು ಎಳೆದು, ಜೀಪನ್ನು ನೀರಿಗೆ ಇಳಿಸಿದಳು.

ಇಳಿಜಾರಿನಲ್ಲಿ ಕರೆವ್ವನ ತಲೆ ಮುಂದಕ್ಕೆ ಬಾಗಿತು. ದಾವಲಬಿ ಹಣೆಗೆ ಅಂಗೈ ಕೊಟ್ಟು ಎತ್ತಿ ಹಿಡಿದಳು.

ನಡು ಹಳ್ಳದಲ್ಲಿ ಜೀಪು ನಿಂತಿತು. ಹಿಂದಿನ ಗಾಲಿ ಗಿರ್ರನೆ ತಿರುಗಿ ರಾಡಿ ಎರಚಿದವು, ಒಂದು ಗೇಣು ಕೆಳಗೆ ಹೋದವು. ಮುಂದಿನವು ಅಲ್ಲಾಡಲಿಲ್ಲ. ಸುಧಾರಾಣಿ ಲಿವರು ಬಿಟ್ಟು ಮತ್ತೆ ಎಳೆದಳು. ಇನ್ನಷ್ಟು ಹೂತಿತು.

"ಸಾಕವ್ವ," ಅಂತ ದಂಡೆಯಿಂದ ಪರಮೇಶ್ವರಪ್ಪನ ದನಿ ಬಂತು. ಈಗ ಅದರಲ್ಲಿ ಕನಿಕರವೇ ಇತ್ತು. "ಹಠಾ ಬಿಡು. ಹಗ್ಗಾ ಕಟ್ಟಿ ಟ್ರ್ಯಾಕ್ಟರಿಂದ ಹಿಂದಕ್ಕ ಜಗ್ಗಸ್ತೇನಿ. ನನ್ನ ಹೊಲದಾಗ ಹೋಗೂಣು."

ಸುಧಾರಾಣಿ ಲಿವರಿನಿಂದ ಕೈ ತೆಗೆದಳು. ತನ್ನ ಹಠಕ್ಕೆ ಅವ್ವನನ್ನು ಊರ ಮುಂದೆ ನೀರಲ್ಲಿ ನಿಲ್ಲಿಸಿದೆನಲ್ಲ ಅಂದುಕೊಂಡಳು. ಇನ್ನು ಹಗ್ಗ ಕಟ್ಟಿಸಿಕೊಂಡು ಅವನ ಗೇಟಿನಲ್ಲಿ ಹೋಗುವುದೇ ಉಳಿದದ್ದು.

"ಮುಂದಿನ ಗಾಲಿ ಯಾಕ ಎಳೀವಲ್ಲವು?" ದಾವಲಬಿ ಹಿಂದಿನಿಂದ ಕೇಳಿದಳು. "ಇಳದು ಗಾಲಿಗೆ ಏನ್ ಮಾಡಿದಿ?"

"ಅವ್ವ ಮಾಡ್ತಿದ್ದಂಗ ಮಾಡೇನಿ ಚಿಗವ್ವಾ. ಕೈ ಮುಗದೆ."

ದಾವಲಬಿ ನಕ್ಕಳು. ಹೆಣದ ಹಣೆ ಹಿಡಿದುಕೊಂಡೇ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು.

"ನಿಮ್ಮವ್ವ ಕೈ ಮುಗ್ಯಾಕೇನ ಬೇಟಾ? ಗಾಲಿಯ ನಟ್ಟನಡುವ ಒಂದು ಬಿರಡಿ ಐತಿ. ಅದನ್ನ ಬಲಕ್ಕ ತಿರುವಿದ್ರ ಮುಂದಿನ ಗಾಲಿ ಎಳೀತಾವು. ತಿರುವದಿದ್ರ ಸುಮ್ಮನ ಉರಳತಾವು. ಹಳ್ಳಾ ದಾಟಿದ ಮ್ಯಾಲ ಹೊಳ್ಳಿ ಎಡಕ್ಕ ತಿರುವಿ ಬಿಡತಿದ್ಲು. ಆ ಬಿರಡಿ ನಮ್ಮ ಅಂಗಡೀವ. ಊರಾಗ ಕೈ ಮುಗೀತಾಳಂತ ನಗತಾರ ಅಂತ ಆಕೀನ ಹೇಳಿದ್ಲು. ನಗಲಿ ಬಿಡು, ನನ್ನ ಗಾಲಿ ತಿರುಗಿದ್ರ ಸಾಕು ಅಂದ್ಲು."

ಸುಧಾರಾಣಿ ಅವ್ವನ ಮುಖ ನೋಡಿದಳು. ಆರು ವರ್ಷ ಮಗ್ಗುಲಲ್ಲಿ ಕೂತು ನೋಡಿದವಳು ತಾನು. ಊರಿನಷ್ಟೇ ತನಗೂ ಗೊತ್ತಾಗಲಿಲ್ಲ. ಮೆತ್ತಗಾದಳು ಅಂದುಕೊಂಡೆನಲ್ಲ, ಇಂಥವಳನ್ನು.

ಸೀರೆ ಎತ್ತಿ ಕಟ್ಟಿ ನೀರಿಗೆ ಇಳಿದಳು. ಬಲ ಗಾಲಿಯ ಮುಂದೆ ಬಗ್ಗಿ, ರಾಡಿ ನೀರಿನೊಳಗೆ ಮೊಣಕೈ ತನಕ ಕೈ ಇಳಿಸಿ ತಡಕಾಡಿದಳು. ಬಿರಡೆ ಸಿಕ್ಕಿತು. ನಿನ್ನೆಯಷ್ಟೇ ಅವ್ವ ತಿರುವಿದ್ದು, ಬಿಗಿದುಕೊಂಡಿರಲಿಲ್ಲ. ಟಕ್ ಅಂದು ಕೂತಿತು. ಜೀಪನ್ನು ಹಿಡಿದುಕೊಂಡು ಸುತ್ತಿ ಬಂದು, ಅವ್ವನ ಮಗ್ಗುಲಿನ ಗಾಲಿಗೆ ಬಗ್ಗಿದಳು.

"ನೋಡ್ರೆವ್ವಾ, ಮಗಳೂ ತಾಯಿಯಂಗ," ಅಂದಳು ದಂಡೆಯ ಮೇಲೆ ಆ ಮುದುಕಿ. "ನೀರಾಗ ನಿಂತು ಗಾಲಿಗೆ ಕೈ ಮುಗ್ಯಾಕತ್ತಾಳ." ಹೆಂಗಸರೆಲ್ಲ ಕೈ ಮುಗಿದರು. ಸುಧಾರಾಣಿಗೆ ಕೇಳಿಸಿತು. ಮುಗಿಯಲಿ ಅಂದುಕೊಂಡು ಎರಡನೆಯ ಬಿರಡೆ ತಿರುವಿದಳು.

ಈ ಸಲ ಮುಂದಿನ ಗಾಲಿ ಕೆಸರು ಕಚ್ಚಿದವು. ಜೀಪು ಒಮ್ಮೆ ನಡುಗಿ, ಕಿತ್ತುಕೊಂಡು, ನೀರು ಸೀಳುತ್ತ ಹೊರಟಿತು. ಆಚೆ ದಂಡೆ ಕಡಿದಾಗಿತ್ತು. ಏರುವಾಗ ಜೀಪಿನ ಮೂತಿ ಮುಗಿಲಿಗೆ ಎದ್ದಿತು. ಕರೆವ್ವನ ತಲೆ ತಾನಾಗಿ ಹಿಂದಕ್ಕೆ ಹೋಗಿ ಸೀಟಿಗೆ ಆತು, ಗದ್ದ ಮೇಲಕ್ಕೆ ಬಂತು. ದಾವಲಬಿ ಹಣೆಯಿಂದ ಕೈ ತೆಗೆದಳು.

ಸುಧಾರಾಣಿ ಕನ್ನಡಿ ನೋಡಿದಳು. ದೂರದಲ್ಲಿ, ಹಳ್ಳದ ಆ ಕಡೆ, ಪರಮೇಶ್ವರಪ್ಪ ಗೇಟನ್ನು ಎರಡೂ ಕೈಯಿಂದ ತೆರೆದು ಹಿಡಿದುಕೊಂಡು ಇನ್ನೂ ನಿಂತಿದ್ದ.