ಒಡೆಯದ ನಾಲ್ಕು ಲಕೋಟೆಗಳು

"ಹಲಗೆ ತೆಗೆದುಬಿಡಕ್ಕಾ" ಅಂದ ನನ್ನ ತಮ್ಮ.

ಭಾನುವಾರ ಮಧ್ಯಾಹ್ನ ಊಟದ ತಟ್ಟೆ ಎತ್ತಿಟ್ಟು, ಮೇಜು ಒರೆಸಿ, ಅವನ ಟೆಂಡರ್ ಫಾರಂ ಹರಡಿಕೊಂಡು ಕೂತಿದ್ದೆವು. ನೀರಿನ ಪೈಪು ಹೂಳುವುದಕ್ಕೆ ನೆಲ ಅಗೆಸುವ ಮೇಸ್ತ್ರಿ ಅವನು. ಹನ್ನೊಂದು ಜನ ಆಳುಗಳು. ಆಳುದ್ದ ಅಗೆದ ಮೇಲೆ ಎರಡೂ ಬದಿಯ ಮಣ್ಣು ಕುಸಿಯದ ಹಾಗೆ ಹಲಗೆ ಕೊಟ್ಟು, ನಡುವೆ ಅಡ್ಡಮರ ಬಿಗಿಯಬೇಕು. ಒಳಗೆ ಇಳಿದವನ ಜೀವಕ್ಕೆ ಅದೊಂದೇ ಆಧಾರ.

"ಹಲಗೆ ಇಲ್ದೆ ಜನಾನ ಇಳಿಸ್ತೀಯೇನೋ?"

"ಆ ಕಡೆ ಮಣ್ಣು ಗಟ್ಟಿ ಇದೆ ಕಣಕ್ಕಾ."

"ನಿನ್ನ ಕಿವೀಲಿ ಬಂದು ಹೇಳ್ತೇನೋ ಮಣ್ಣು?"

ಅವನು ನಗಲಿಲ್ಲ. "ನಾಲ್ಕು ಸಲ ಸೋತಿದೀನಿ. ನಿನ್ನ ದರ ಜಾಸ್ತಿ ಆಯ್ತು ಅಂತ ನೀರಿನ ಕಂಪನಿ ಮ್ಯಾನೇಜರ್ ಪ್ರತಿ ಸಲಾನೂ ಮುಖಕ್ಕೇ ಹೇಳಿದ್ರು. ಮೊದಲು ನನ್ನ ಲಾಭ ಬಿಟ್ಟೆ. ಆಮೇಲೆ ಕಾವಲಿನವನನ್ನ ಬಿಟ್ಟೆ. ಆಮೇಲೆ ನೀರೆತ್ತೋ ಪಂಪು ಮಾರಿದೆ. ಇನ್ನೇನಿದೆ ಕಡಿಮೆ ಮಾಡೋಕೆ? ಹಲಗೆ ಒಂದೇ. ಬರಿ."

ನಾನು ಪೆನ್ನು ಮುಚ್ಚಿಟ್ಟೆ. "ಬುಧವಾರದವರೆಗೂ ಟೈಮಿದೆಯಲ್ಲ. ಆ ಸಾಲು ಖಾಲಿ ಇರಲಿ" ಎಂದೆ.

ಅವನ ಫಾರಂಗಳನ್ನೆಲ್ಲ ತುಂಬಿದವಳು ನಾನೇ. ಅವನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟು ಗುದ್ದಲಿ ಹಿಡಿದವನು. ನಾನು ನಲವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಹೋದವಳು. ಆ ಓದಿನಿಂದಲೇ ಅದೇ ನೀರಿನ ಕಂಪನಿಯ ದಾಖಲೆ ಕೋಣೆಯಲ್ಲಿ ಕೆಲಸ ಸಿಕ್ಕಿತ್ತು. ಕಂಪನಿಯ ನೌಕರರು ಯಾರಿಗೂ ಟೆಂಡರ್ ಬರೆದುಕೊಡಬಾರದು ಎಂದು ನಮ್ಮಲ್ಲಿ ಗೋಡೆಯ ಮೇಲೆಯೇ ಅಂಟಿಸಿದ್ದಾರೆ. ದರ ಅವನದು, ಬರೀ ಅಕ್ಷರ ನನ್ನದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬರೆಯುತ್ತಿದ್ದೆ.

ಸೋಮವಾರ ದಾಖಲೆ ಕೋಣೆಗೆ ಬಣ್ಣ ಹೊಡೆಯುವವರು ಬರುವವರಿದ್ದರು. ಕಪಾಟು ಖಾಲಿ ಮಾಡಬೇಕು. ಫೈಲುಗಳು ನನ್ನ ಕೈಗೆ ಬರುವುದು ಎಲ್ಲ ಮುಗಿದು, ದಾರ ಬಿಗಿದ ಮೇಲೆ. ನಾನು ನಂಬರು ನೋಡಿ ಜೋಡಿಸುವುದಷ್ಟೇ, ಬಿಚ್ಚುವುದಿಲ್ಲ. ಅವತ್ತು ಒಂದರ ದಾರ ಹರಿದು, ಕಾಗದವೆಲ್ಲ ಕಾಲ ಮೇಲೆ ಸುರಿಯಿತು. ಎತ್ತಿಕೊಳ್ಳಲು ಬಗ್ಗಿದರೆ ತಮ್ಮನ ಲಕೋಟೆ. ಅರಗಿನ ಮುದ್ರೆ ಹಾಗೇ ಇತ್ತು. ಲಕೋಟೆಯನ್ನು ಒಡೆಯದೆ, ಒಳಗಿನ ಹಾಳೆಗಳ ಸಮೇತ ಎರಡು ತೂತು ಹೊಡೆದು ದಾರ ಪೋಣಿಸಿದ್ದರು.

ಫೈಲಿನ ಮೇಲ್ಗಡೆ ಯಾರು ಯಾವ ದರ ಕೇಳಿದ್ದಾರೆಂದು ಹೋಲಿಸಿ ಬರೆದ ಪಟ್ಟಿ. ತಮ್ಮನ ಹೆಸರಿನ ಮುಂದೆ ಒಂದು ದರ ಇತ್ತು, ಎಲ್ಲರಿಗಿಂತ ಹೆಚ್ಚು. ನಾನು ಬರೆದ ದರ ಅದಲ್ಲ.

ಉಳಿದ ಮೂರು ಫೈಲುಗಳನ್ನೂ ಹುಡುಕಿ ತೆಗೆದೆ. ಮೂರರಲ್ಲೂ ಅದೇ ಕಥೆ. ಮೊಣಕಾಲು ನೋಯುತ್ತಿತ್ತು. ನೆಲದ ಮೇಲೆಯೇ ಸ್ವಲ್ಪ ಹೊತ್ತು ಕೂತೆ.

ಪಟ್ಟಿ ಬರೆಯುವ ಗುಮಾಸ್ತ ಆಚೆ ಮೇಜಿನವನು. ಕೆಟ್ಟವನಲ್ಲ.

"ಇದನ್ನ ಒಡೆದೇ ಇಲ್ವಲ್ಲಪ್ಪ?"

"ಒಡೆದು ಏನ್ ಮಾಡೋದಮ್ಮ? ಕೆಲಸ ಯಾರಿಗೆ ಅಂತ ಮೇಲಿಂದಾನೇ ಹೆಸರು ಬರುತ್ತೆ. ಪಟ್ಟಿಗೆ ಜೊತೇಲಿ ಮೂರ್ನಾಲ್ಕು ಹೆಸರಿದ್ರೆ ಲಕ್ಷಣ. ಜಾಸ್ತಿ ದರ ಬರೆದು ಹಾಕ್ತೀನಿ."

"ಮುಂಚೆ ಎಲ್ಲರ ಎದುರಿಗೇ ಒಡೆದು, ಗಟ್ಟಿಯಾಗಿ ಓದ್ತಿದ್ರಲ್ಲೋ."

"ಮುಂಚೆ ಕಂಪನಿ ಸರ್ಕಾರದ್ದಮ್ಮ. ಈಗ ಖಾಸಗಿ."

"ಸುಮ್ಮನೆ ಒಡೆದಾದ್ರೂ ಇಡಬಾರ್ದಾ?"

"ಈ ಆಫೀಸಲ್ಲಿ ಒಂದು ಕತ್ತರಿ ಸಿಗಲ್ಲ ಬಿಡಿ" ಎಂದು ನಕ್ಕ. ನಗು ಮುಗಿದ ಮೇಲೆ ತಲೆ ತಗ್ಗಿಸಿ ಬರೆಯತೊಡಗಿದ.

ಸಂಜೆ ತಮ್ಮನ ಮನೆಗೆ ಹೋಗಿ ಎಲ್ಲ ಹೇಳಿದೆ. ಅವನು ನಂಬಲಿಲ್ಲ.

"ಹಲಗೆ ತೆಗೀಬಾರ್ದು ಅಂತ ಕಥೆ ಕಟ್ತಿದೀಯ."

"ಕಣ್ಣಾರೆ ನೋಡಿದೆ ಕಣೋ."

"ಅಷ್ಟು ದೊಡ್ಡ ಕಂಪನಿಯವರು, ಒಡೆದೂ ನೋಡ್ದೆ ಜಾಸ್ತಿ ಅಂತಾರಾ? ಹೋಗಕ್ಕಾ."

ಬುಧವಾರ ಎರಡೂವರೆಗೆ ಅವನು ಆಫೀಸಿಗೆ ಬಂದ. ಮೂರಕ್ಕೆ ಟೆಂಡರ್ ಪೆಟ್ಟಿಗೆಗೆ ಬೀಗ. ಹಲಗೆಯ ಸಾಲಿನಲ್ಲಿ ಪಕ್ಕದ ಮನೆಯವರ ಕೈಲಿ ಸೊನ್ನೆ ಹಾಕಿಸಿಕೊಂಡು ಬಂದಿದ್ದ. ಲಕೋಟೆಯನ್ನು ಇನ್ನೇನು ಪೆಟ್ಟಿಗೆಯ ಬಾಯಿಗೆ ಇಡಬೇಕು, ಅವನ ರಟ್ಟೆ ಹಿಡಿದೆ. ಇನ್ನೊಂದು ಕೈಯಲ್ಲಿ ನಾಲ್ಕು ಫೈಲು. ಹಾಗೇ ಮ್ಯಾನೇಜರ ಕೋಣೆಗೆ ನಡೆಸಿಕೊಂಡು ಹೋದೆ. ಆ ಕೋಣೆಗೆ ಕರೆಯದೆ ಹೋದದ್ದು ಅದೇ ಮೊದಲು.

"ಏನಮ್ಮ ಇದು, ಮೆರವಣಿಗೆ?" ಎಂದರು ಮ್ಯಾನೇಜರು.

ಫೈಲು ಬಿಚ್ಚಿ ಲಕೋಟೆಗಳನ್ನು ಅವರ ಮುಂದೆ ಇಟ್ಟೆ. "ಸಾರ್, ಇವನ ದರ ಜಾಸ್ತಿ ಆಯ್ತು ಅಂದ್ರಿ. ಇವು ಒಡೆದೇ ಇಲ್ಲ."

ಅವರು ಒಂದನ್ನು ತಿರುಗಿಸಿ ನೋಡಿದರು. ಮುಖದಲ್ಲಿ ಏನೂ ಕಾಣಲಿಲ್ಲ. "ಇದು ಎರಡನೇ ಪ್ರತಿ ಇರಬೇಕು. ಮೊದಲನೇದನ್ನ ನೋಡೇ ಪಟ್ಟಿ ಮಾಡಿರೋದು."

ತಮ್ಮ ನನ್ನ ಕಡೆ ನೋಡಿದ. ನೋಡಿದೆಯಾ ಎನ್ನುವ ಹಾಗೆ. ಅವನ ಕೈ ಲಕೋಟೆಯನ್ನು ಮತ್ತೆ ಬಿಗಿಯಾಗಿ ಹಿಡಿಯಿತು.

"ಪಟ್ಟೀಲಿರೋ ದರ ಇವನು ಕೇಳಿದ್ದಲ್ಲ ಸಾರ್."

"ಮುಚ್ಚಿದ ಲಕೋಟೆ ಒಳಗೆ ಏನಿದೆ ಅಂತ ನಿಮಗೆ ಹೇಗಮ್ಮ ಗೊತ್ತು?"

ಗೋಡೆಯ ಮೇಲೆ ಅಂಟಿಸಿದ್ದ ನಿಯಮ ಆ ಕೋಣೆಯಲ್ಲೂ ಇತ್ತು. ನನ್ನ ನಿವೃತ್ತಿಗೆ ಇನ್ನು ಎಂಟು ತಿಂಗಳಿತ್ತು. ಆಮೇಲೆ ಅವರೇ ಮರ್ಯಾದೆಯಿಂದ ಕಳಿಸಿಕೊಡುತ್ತಿದ್ದರು.

"ಅಕ್ಕಾ, ಬೇಡ" ಎಂದ ತಮ್ಮ. ನಾನು ಕೆಲಸ ಕಳೆದುಕೊಳ್ಳಲು ಹೊರಟದ್ದು ಕಂಡು, ನಂಬಿಕೆ ಬಂದದ್ದು ಅವನಿಗೆ ಆಗ.

"ನಾನೇ ಬರೆದದ್ದು ಸಾರ್" ಎಂದೆ. ನಾಲ್ಕೂ ದರಗಳನ್ನು ಒಂದೊಂದಾಗಿ ಹೇಳಿದೆ. "ಒಡೆದು ನೋಡಿ."

ಅವರು ಒಡೆಯಲಿಲ್ಲ. ಲಕೋಟೆಗಳನ್ನು ಜೋಡಿಸಿ ಮೇಜಿನ ಡ್ರಾಯರಿಗೆ ಹಾಕಿದರು.

"ಇದು ಖಾಸಗಿ ಕಂಪನಿ, ಮೇಸ್ತ್ರಿ. ಕೆಲಸ ಯಾರಿಗೆ ಕೊಟ್ವಿ, ಯಾಕೆ ಕೊಟ್ವಿ ಅಂತ ಯಾರಿಗೂ ಹೇಳಬೇಕಾಗಿಲ್ಲ" ಎಂದರು. ಆಮೇಲೆ ನನಗೆ, ಬೈಗುಳವೇನೂ ಇಲ್ಲದೆ, "ಕೀ ಕೊಟ್ಟು ಹೋಗಿ. ನಾಳೆಯಿಂದ ಬರಬೇಡಿ."

ಕೀ ಗೊಂಚಲನ್ನು ಮೇಜಿನ ಮೇಲಿಟ್ಟೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. "ಓದಿ ಬಿಸಾಕಿದ್ರೂ ಸಹಿಸ್ಕೊಳ್ತಿದ್ದೆ ಕಣಕ್ಕಾ" ಎಂದ ತಮ್ಮ. "ಮೊದಲೇ ಗೊತ್ತಿದ್ರೆ ಆ ಪಂಪಾದ್ರೂ ಉಳೀತಿತ್ತು."

"ಟೈಮೆಷ್ಟು?"

"ಮೂರಕ್ಕೆ ಹತ್ತು ನಿಮಿಷ."

ಅವನ ಕೈಯಿಂದ ಲಕೋಟೆ ತೆಗೆದುಕೊಂಡು ಬಾಯಿ ಹರಿದೆ. ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಸೊನ್ನೆಯನ್ನು ಹೊಡೆದು ಹಾಕಿದೆ. "ಹಲಗೆಗೆ ಎಷ್ಟು, ಹೇಳು."

"ಹೆಂಗೂ ಒಡೆಯಲ್ಲ. ಯಾಕೆ ಒದ್ದಾಡ್ತೀಯ?"

"ಹೇಳೋ."

ಅವನು ಹೇಳಿದ. ಪಂಪಿನ ಬಾಡಿಗೆಯನ್ನೂ, ಕಾವಲಿನವನ ಕೂಲಿಯನ್ನೂ ಸೇರಿಸು ಎಂದ. ಸೇರಿಸಿದೆ. ಸಾಲು ಸಾಲಾಗಿ ಕೂಡಿ, ಎರಡು ಸಲ ತಾಳೆ ನೋಡಿ, ಅವನ ಸಹಿಗೆ ಕೊಟ್ಟೆ. ಕಚೇರಿಯ ಗೋಂದು ಮುಟ್ಟುವ ಹಾಗಿರಲಿಲ್ಲ. ಹರಿದ ಬಾಯಿಯನ್ನು ಮಡಿಸಿ, ನನ್ನ ಸೆರಗಿನ ಪಿನ್ನು ಚುಚ್ಚಿದೆ.

ಅವನು ಒಳಗೆ ಹೋಗಿ ಪೆಟ್ಟಿಗೆಗೆ ಹಾಕಿ ಬಂದ. ಇಬ್ಬರೂ ಬಸ್‌ಸ್ಟಾಪಿನ ಕಡೆ ಹೊರಟೆವು. ನನ್ನ ಮೊಣಕಾಲಿಗಾಗಿ ಅವನು ನಿಧಾನವಾಗಿ ನಡೆದ.