ಹಲಗೆಯ ಕೆಳಗಿನ ನೀರು

ಮನೆ ಖಾಲಿ ಮಾಡಿಸಲೆಂದು ಜಾಗದ ಮಾಲೀಕರು ಹಲಸೂರಿನ ಆ ಗಲ್ಲಿಯ ನಲ್ಲಿ ಪೈಪನ್ನೇ ಕಡಿಸಿ ಹಾಕಿದರು. ನಲವತ್ತು ಮನೆಗಳಿಗೆ ನಾಲ್ಕು ದಿನದಿಂದ ನೀರಿಲ್ಲ.

ಪಕ್ಕದ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಮೂವತ್ತಾರು ವರ್ಷದಿಂದ ಸಭಾಪಾಲಕರಾಗಿರುವ ದೇವಪ್ರಸಾದರು ಅರ್ಜಿ ಹಿಡಿದು ಕಚೇರಿಗಳಿಗೆ ಅಲೆದಲೆದು ಸೋತಿದ್ದರು. ಐದನೇ ದಿನ ಬೆಳಗ್ಗೆ ಅವರಿಗೆ ಪ್ರಸಂಗಪೀಠದ ಕೆಳಗೆ ಹಲಗೆ ಮುಚ್ಚಿದ್ದ ತೊಟ್ಟಿ ನೆನಪಾಯಿತು. ಹೊಸಬರನ್ನು ನೀರಲ್ಲಿ ಮುಳುಗಿಸಿ ಸಭೆಗೆ ಸೇರಿಸಿಕೊಳ್ಳುವ ಭಾನುವಾರದ ದೀಕ್ಷಾಸ್ನಾನಕ್ಕೆಂದು ಅದರಲ್ಲಿ ಎದೆಮಟ್ಟ ನೀರು ತುಂಬಿಸಿಟ್ಟಿದ್ದರು. ಪಂಚೆ ಎತ್ತಿ ಕಟ್ಟಿ, ಹಲಗೆಗಳನ್ನು ತಾವೇ ಎತ್ತಿಟ್ಟು, ಗಲ್ಲಿಯವರಿಗೆ ಚರ್ಚಿನ ಬಾಗಿಲು ತೆರೆದರು.

ಅವರ ಸಂಜೆ ಪಾಠದಲ್ಲಿ ಅಕ್ಷರ ಕಲಿತ, ಅದೇ ಗಲ್ಲಿಯ ಫಹ್ಮಿದಾ ಬಿಂದಿಗೆ ಹಿಡಿದು ಹೊಸ್ತಿಲಲ್ಲೇ ನಿಂತಳು.

"ನಾವು ಒಳಗೆ ಬರಬಹುದಾ, ಪಾಸ್ಟರ್ ಸಾಬ್?"

"ಚಪ್ಪಲಿ ಹಾಕ್ಕೊಂಡೇ ಬಾಮ್ಮಾ, ನೆಲ ಜಾರುತ್ತೆ."

ಗಲ್ಲಿಗೆ ಗಲ್ಲಿಯೇ ಒಳಗೆ ನುಗ್ಗಿತು. ಬಿಂದಿಗೆಗಳ ಸದ್ದು ಕೇಳುತ್ತಾ ದೇವಪ್ರಸಾದರಿಗೆ ನಾಲ್ಕು ದಿನದ ಮೇಲೆ ಉಸಿರು ಸಲೀಸಾಯಿತು.

ಅಷ್ಟರಲ್ಲಿ ಚರ್ಚಿನ ಕಾರ್ಯದರ್ಶಿ ಎಡ್ವಿನ್ ಓಡಿಬಂದರು. "ಏನ್ ಪಾಸ್ಟರ್ ಇದು! ಭಾನುವಾರ ಏಳು ಜನರನ್ನ ಎಲ್ಲಿ ಮುಳುಗಿಸ್ತೀರಿ, ಬಕೆಟ್ಟಲ್ಲಾ? ಮೊದಲು ಹಲಗೆ ಮುಚ್ಚಿ!"

"ಮುಂದಿನ ವಾರ ಬನ್ನಿ ಅಂತ ಅವರಿಗೆ ನಾನೇ ಹೇಳ್ತೀನಿ," ಎಂದ ದೇವಪ್ರಸಾದರು ಫಹ್ಮಿದಾಳ ಎರಡನೇ ಬಿಂದಿಗೆಯನ್ನು ನೀರಿಗೆ ಅದ್ದಿದರು. "ಹಲಗೆ ಮಾತ್ರ ಮುಚ್ಚಲ್ಲ, ಎಡ್ವಿನ್."