ಕೆಂಪು ಗೆರೆಯ ಮೇಲಿನ ಹನ್ನೊಂದು ಚುಕ್ಕೆ

ಪರದೆಯ ಮೇಲೆ ಮೂವತ್ತೊಂದನೇ ನಂಬರು ಕೆಂಪು ಗೆರೆ ದಾಟಿ ಎಲ್ಲಕ್ಕಿಂತ ಮೇಲೆ ಕೂತಿತ್ತು. ಭಾಷಣ ಮುಗಿದಾಗ ಸಭಾಂಗಣದಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನಲ್ಲಿ, ನನ್ನ ಪಕ್ಕದಲ್ಲೇ ಕೂತಿದ್ದ ಮೂವತ್ತೊಂದನೇ ನಂಬರೂ ಎಲ್ಲರ ಜೊತೆ ತಟ್ಟಿದಳು.

ಅವಳು ನನ್ನ ಅತ್ತಿಗೆ. ಐದು ತಿಂಗಳ ಬಸುರಿ.

ಪರದೆಯ ಮೇಲಿದ್ದ ಅರವತ್ತು ಚುಕ್ಕೆ ಅರವತ್ತು ಹೆಂಗಸರ ರಕ್ತ. ನಮ್ಮ ಓಣಿಯ ಹೆಂಗಸರು ಹಳೇ ಬ್ಯಾಟರಿಗಳನ್ನು ಸುತ್ತಿಗೆಯಿಂದ ಒಡೆದು ಒಳಗಿನ ಸೀಸವನ್ನು ಬೇರೆ ಮಾಡುವ ಶೆಡ್ಡಿನಲ್ಲಿ ದುಡಿಯುತ್ತಾರೆ. ಆ ಸೀಸ ಅವರ ಮೈಯೊಳಗೆ ಎಷ್ಟು ಇಳಿದಿದೆ ಎಂದು ಅಳೆಯಲು ನಮ್ಮ ವಿಶ್ವವಿದ್ಯಾಲಯವೂ ಸಮುದ್ರದಾಚೆಯ ಇನ್ನೊಂದು ವಿಶ್ವವಿದ್ಯಾಲಯವೂ ಕೈಜೋಡಿಸಿದ್ದವು. ರಕ್ತ ನಮ್ಮದು, ಯಂತ್ರ ಅವರದು. ಎಂಟು ತಿಂಗಳ ಹಿಂದೆ ಮನೆಮನೆಗೆ ಹೋಗಿ ರಕ್ತ ತೆಗೆದವಳು ನಾನು. ಅಂದಿನಿಂದ ಓಣಿಗೆ ನಾನು ಸೂಜಿಯಕ್ಕ.

ಕೊಳವೆಯ ಮೇಲೆ ಹೆಸರು ಬರೆಯುವಂತಿರಲಿಲ್ಲ, ನಂಬರು ಮಾತ್ರ. ಯಾವ ನಂಬರು ಯಾರದು ಎಂಬುದು ನಾನೇ ಬರೆದ ಒಂದು ದಪ್ಪ ರಿಜಿಸ್ಟರಿನಲ್ಲಿತ್ತು. ಅದು ಈ ದೇಶ ಬಿಟ್ಟು ಹೋಗಬಾರದು. ಯಾವ ನಂಬರಿನ ರಕ್ತ ಹೇಗಿದೆ ಎಂಬುದು ಆ ದೇಶದ ಕಂಪ್ಯೂಟರಿನಲ್ಲಿತ್ತು. ಅದು ಇಲ್ಲಿಗೆ ಬರಬಾರದು. ಇಲ್ಲಿಯವರಿಗೆ ಹೆಸರು ಗೊತ್ತು, ವಿಷ ಗೊತ್ತಿಲ್ಲ. ಅಲ್ಲಿಯವರಿಗೆ ವಿಷ ಗೊತ್ತು, ಹೆಸರು ಗೊತ್ತಿಲ್ಲ. ಈ ಜಾಣತನಕ್ಕೆ ಗೌಪ್ಯತೆ ಎಂದು ಹೆಸರಿಟ್ಟು ಎರಡೂ ಕಡೆಯವರು ನೆಮ್ಮದಿಯಾಗಿದ್ದರು.

ಇವತ್ತು ಇನ್ನೂ ಮೂರು ವರ್ಷಕ್ಕೆ ಒಪ್ಪಂದ ಮುಂದುವರಿಸುವ ಸಮಾರಂಭ. ಓಣಿಯ ಕೆಲವು ಹೆಂಗಸರನ್ನೂ ವ್ಯಾನಿನಲ್ಲಿ ಕರೆಸಿದ್ದರು. ಬಂದಿದ್ದ ಅತಿಥಿ ಪ್ರಾಧ್ಯಾಪಕಿ ಅವಸರದಲ್ಲಿ ಚುಕ್ಕೆಗಳ ಪಕ್ಕದ ನಂಬರುಗಳನ್ನು ಅಳಿಸಲು ಮರೆತಿದ್ದರು. ಸಭೆಯ ಕಣ್ಣಿಗೆ ಅವು ಬರೀ ಅಂಕಿ. ನನಗೆ ಒಂದೊಂದೂ ಒಂದೊಂದು ಬಾಗಿಲು. ಮೂರು ವರ್ಷ ಅವರ ಫಾರಂ ತುಂಬಿ ತುಂಬಿ ಅವರ ಭಾಷೆ ನನಗೆ ಅರ್ಥವಾಗುವಷ್ಟು ಬಂದಿತ್ತು. ಕೆಂಪು ಗೆರೆ ಅಪಾಯದ ಮಿತಿ, ಅದನ್ನು ದಾಟಿದವರು ತಕ್ಷಣ ಆ ಕೆಲಸದಿಂದ ದೂರ ಸರಿಯಬೇಕು, ಬಸುರಿಯಾದರೆ ಹೊಟ್ಟೆಯ ಮಗುವಿನ ಮೆದುಳಿಗೇ ಪೆಟ್ಟು ಎಂದಿದ್ದರು ಆಕೆ. ಹಾಗೆಂದು ನೀರು ಕುಡಿದು ಮುಂದಿನ ಚಿತ್ರಕ್ಕೆ ಹೋಗಿದ್ದರು.

"ಏನಂತೆ?" ಎಂದಳು ಅತ್ತಿಗೆ.

"ನಾವು ಬಂದಿದ್ದು ಖುಷಿಯಂತೆ."

"ಆಗ್ದೆ ಇರುತ್ತಾ? ನನ್ನ ರಕ್ತ ವಿಮಾನ ಹತ್ತಿ ಊರು ಸುತ್ತಿತು. ನನಗೆ ಸಿಕ್ಕಿದ್ದು ಇವರ ಲಟಾರಿ ವ್ಯಾನು." ಪಕ್ಕದವರು ಕಿಸಕ್ಕೆಂದರು.

ಟೀ ಬಿಡುವಿನಲ್ಲಿ ನಮ್ಮ ಪ್ರೊಫೆಸರನ್ನು ಕಂಬದ ಮರೆಗೆ ಕರೆದೆ. ಈ ಯೋಜನೆಗೆ ಯಜಮಾನರು ಅವರೇ, ನನಗೆ ಕೆಲಸ ಕೊಟ್ಟವರೂ ಅವರೇ.

"ಸರ್, ಹನ್ನೊಂದು ಜನ ಗೆರೆ ಮೇಲಿದಾರೆ. ಒಬ್ಬಳು ಬಸುರಿ. ಹೇಳ್ಬೇಕಲ್ವಾ?"

ಅವರ ಕೈಯ ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. "ನೀನು ನಂಬರು ನೋಡಿದ್ಯಾ?"

"ಗೋಡೆಯಷ್ಟಗಲ ಹಾಕಿದ್ರೆ ನೋಡ್ದೆ ಏನ್ಮಾಡ್ಲಿ ಸರ್?"

"ಮೆಲ್ಲಗಮ್ಮ, ಮೆಲ್ಲಗೆ. ಒಪ್ಪಂದದ ಏಳನೇ ಕಲಂ ಮರೆತ್ಯಾ? ಯಾರ ಫಲಿತಾಂಶಾನೂ ಯಾರಿಗೂ ಹೇಳೋ ಹಾಗಿಲ್ಲ. ನೀನೂ ಸಹಿ ಹಾಕಿದ್ದೀಯ."

"ಅವರ ರಕ್ತದ ವಿಷಯ ಅವರಿಗೇ ಹೇಳೋ ಹಾಗಿಲ್ವಾ ಸರ್?"

"ನಾನೇನು ಕಲ್ಲಾ? ಹನ್ನೊಂದು ಹೆಸರು ಆಚೆ ಬಂದ್ರೆ ಆ ಶೆಡ್ಡಿನ ಮಾಲೀಕ ಸಂಜೆಯೊಳಗೆ ಹನ್ನೊಂದು ಜನಾನೂ ಮನೆಗೆ ಕಳಿಸ್ತಾನೆ. ಇವರು ಮುನಿಸ್ಕೊಂಡು ಹೋದ್ರೆ ಯಂತ್ರಾನೂ ಹೋಯ್ತು. ನಮ್ಮ ಯಾವ ಆಸ್ಪತ್ರೇಲಿದೆ ಈ ಪರೀಕ್ಷೆ, ತೋರಿಸು."

ಅದೆಲ್ಲ ಸುಳ್ಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ಸುಳ್ಳಲ್ಲ. ಬಡವರ ಬಾಯಿ ಮುಚ್ಚಿಸುವವರ ಕೈಯಲ್ಲಿ ಯಾವಾಗಲೂ ಒಂದು ಹಿಡಿ ನಿಜ ಇರುತ್ತದೆ.

ಅಷ್ಟರಲ್ಲಿ ಅತಿಥಿಯೇ ಬಂದು ಏನು ವಿಷಯ ಎಂದರು. ಪ್ರೊಫೆಸರ್ ಅರ್ಧ ಹೇಳಿದರು, ಉಳಿದರ್ಧ ನನ್ನ ಹರಕು ಮಾತಿನಲ್ಲಿ ನಾನು ಹೇಳಿದೆ. ಆಕೆಯ ಮುಖ ನಿಜವಾಗಿಯೂ ಬಾಡಿತು. ನನ್ನ ಕೈ ಹಿಡಿದುಕೊಂಡರು.

"ತುಂಬಾ ಮುಖ್ಯವಾದ ಪ್ರಶ್ನೆ. ಮುಂದಿನ ಹಂತದಲ್ಲಿ ಖಂಡಿತ ಸೇರಿಸೋಣ."

"ಫಲಿತಾಂಶ ಬಂದು ಎಷ್ಟು ದಿನ ಆಯ್ತು ಮೇಡಂ?"

"ಆರು ತಿಂಗಳು. ಲೇಖನ ಅಚ್ಚಾಗೋ ತನಕ ಹೊರಗೆ ಬಿಡೋ ಹಾಗಿರಲಿಲ್ಲ."

ಆರು ತಿಂಗಳ ಹಿಂದೆ ಅತ್ತಿಗೆ ಬಸುರಿಯೇ ಆಗಿರಲಿಲ್ಲ. ಮುಂದಿನ ಹಂತ ಮುಗಿಯುವುದು ಮೂರು ವರ್ಷಕ್ಕೆ. ಅಷ್ಟು ಹೊತ್ತಿಗೆ ಮಗು ಮಾತು ಕಲಿತಿರಬೇಕು, ಇಲ್ಲವೆ ಕಲಿಯದೆಯೇ ಉಳಿದಿರಬೇಕು.

ಹನ್ನೆರಡಕ್ಕೆ ಸಹಿ ಆಯಿತು. ಮೇಜಿನ ಮೇಲೆ ಎರಡು ಪುಟ್ಟ ಬಾವುಟ, ಎರಡು ಪೆನ್ನು. ಫೋಟೋಕ್ಕೆ ನಮ್ಮ ಹೆಂಗಸರನ್ನು ಮುಂದೆ ಕರೆದು ನಿಲ್ಲಿಸಿದರು. ಅತ್ತಿಗೆ ಬಿಗಿದುಕೊಂಡು ನಿಂತಿದ್ದಳು. "ಸ್ವಲ್ಪ ನಗೋಕೆ ಹೇಳಮ್ಮ" ಎಂದರು ಪ್ರೊಫೆಸರ್. ಹೇಳಿದೆ. ನಕ್ಕಳು.

ಓಣಿಗೆ ಬಂದು ಉಳಿದವರು ಚದುರಿದ ಮೇಲೆ ಅತ್ತಿಗೆಯ ಮನೆಯೊಳಗೆ ಹೋಗಿ ಬಾಗಿಲು ಹಾಕಿದೆ. ಅಣ್ಣ ಲಾರಿಯ ಜೊತೆ ಹೋಗಿ ನಾಲ್ಕು ದಿನವಾಗಿತ್ತು. ಅವಳು ಎರಡನೇ ಪಾಳಿಗೆ ಹೊರಡಲು ಬಟ್ಟೆ ಬದಲಿಸುತ್ತಿದ್ದಳು. ನಿಂತಲ್ಲೇ ಎಲ್ಲ ಹೇಳಿದೆ.

ಅವಳು ಅಳಲಿಲ್ಲ. ಮಂಚದ ಅಂಚಿಗೆ ಕೂತು, ಎರಡೂ ಕೈಯನ್ನು ಹೊಟ್ಟೆಯ ಮೇಲಿಂದ ತೆಗೆದು ಪಕ್ಕಕ್ಕೆ ಇಟ್ಟಳು, ಕೈಯಲ್ಲೇ ವಿಷ ಇರುವವಳ ಹಾಗೆ.

"ಯಾವಾಗಿಂದ ಗೊತ್ತು ನಿನಗೆ?"

"ಬೆಳಗ್ಗೆ ಹನ್ನೊಂದರಿಂದ."

"ಫೋಟೋಕ್ಕೆ ನಿಂತಾಗ ಗೊತ್ತಿತ್ತಾ?"

"ಗೊತ್ತಿತ್ತು."

"ನಗು ಅಂದ್ಯಲ್ಲೇ ನನಗೆ."

ನಾನು ತಲೆ ತಗ್ಗಿಸಿದೆ. ಅವಳು ಮಂಚದಿಂದ ಎದ್ದು, "ಉಳಿದ ಹತ್ತು ಯಾರು?" ಎಂದಳು.

"ಅದನ್ನ ಹೇಳೋ ಹಾಗಿಲ್ಲ ಅತ್ತಿಗೆ. ನೀನು ಮನೆಯವಳು ಅಂತ ಹೇಳಿದೆ. ಎಲ್ಲರಿಗೂ ಹೇಳ್ತಾ ಹೋದ್ರೆ ನನ್ನ ಕೆಲಸ…"

"ಓಹೋ. ಆ ಮೇಡಮ್ಮಿಗೆ ನಾವು ಹನ್ನೊಂದು ಜನಾನೂ ಯಾರೂ ಅಲ್ಲ. ನಿನಗೆ ಹತ್ತು ಜನ ಯಾರೂ ಅಲ್ಲ. ಒಂದೇ ಒಂದು ಕಮ್ಮಿ. ಭಾರೀ ದೊಡ್ಡವಳಾದೆ ಬಿಡು ನಾದಿನಿ!"

ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಅತ್ತಿಗೆಯನ್ನು ಕರೆದುಕೊಂಡು ಉಳಿದ ಹತ್ತು ಜನರಿಗೆ ಹೇಳಲು ಹೊರಟೆ. ಅಲ್ಲಿಂದ ಮೂರನೇ ಮನೆ, ಆ ಹತ್ತರಲ್ಲೊಬ್ಬಳಾದ ಜೋರಮ್ಮನದು. ಗಂಡ ಸತ್ತವಳು, ಇಬ್ಬರು ಮಕ್ಕಳು, ಬೀದಿಗೆಲ್ಲ ಕೇಳುವ ಗಂಟಲು. ಬೆಳಗಿನ ಪಾಳಿ ಮುಗಿಸಿ ಬಂದು ಬಟ್ಟೆ ಒಗೆಯುತ್ತಿದ್ದಳು. ಹೇಳಿದೆ. ಅವಳ ಕೈ ನಿಂತಿತು.

"ಔಷಧಿ ಏನು?"

"ಮೊದಲು ಆ ಕೆಲಸ ಬಿಡ್ಬೇಕಕ್ಕ."

"ಬಿಟ್ಟು? ನಾಳೆ ಒಲೆ ಮೇಲೆ ಏನಿಡ್ಲಿ, ನಿನ್ನ ನಂಬರು ಬೇಯಿಸ್ಲಾ? ರಕ್ತ ತೆಗೆಯುವಾಗ ಏನಂದೆ ನೀನು? ಏನೂ ಆಗಲ್ಲಕ್ಕ, ಇರುವೆ ಕಚ್ಚಿದ ಹಾಗೆ ಅಂದೆ. ಎಂಟು ತಿಂಗಳಾದ ಮೇಲೆ ಬಂದಿದೀಯ, ಸೀಸ ಇದೆ ಅಂತ ಹೇಳೋಕೆ! ಇದೇನಾದ್ರೂ ಮಾಲೀಕನ ಕಿವಿಗೆ ಬಿತ್ತೋ, ನಿನ್ನ ಸೂಜಿ ನಿನಗೇ ಚುಚ್ತೀನಿ. ನಡೀ!"

ಬಾಗಿಲು ಮುಖದ ಮೇಲೆ ಬಿತ್ತು. ಒಳಗಿನಿಂದ ಬಟ್ಟೆ ಕುಕ್ಕುವ ಸದ್ದು ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ.

"ಸಾಕು ಅತ್ತಿಗೆ. ಪ್ರೊಫೆಸರ್ ಹೇಳಿದ್ದೇ ಸರಿ ಅನ್ಸುತ್ತೆ."

"ಏನು ಸರಿ? ನಿನ್ನನ್ನ ಬೈಯೋಕಾದ್ರೂ ಅವಳಿಗೆ ವಿಷಯ ಗೊತ್ತಾಗ್ಬೇಕಿತ್ತಲ್ಲ. ಗೊತ್ತಾಯ್ತು. ಬಿಡ್ತಾಳೋ ಸಾಯ್ತಾಳೋ, ಅವಳು ತಾನೇ ಲೆಕ್ಕ ಹಾಕ್ಕೋಬೇಕಾದ್ದು? ಮುಂದಿನ ಮನೆ ಯಾವುದು?"

ಮುಂದಿನ ಮನೆಗೆ ಬೀಗ ಬಿದ್ದಿತ್ತು. ಅದರ ಮುಂದಿನದಕ್ಕೂ. ಇಬ್ಬರೂ ಎರಡನೇ ಪಾಳಿಯವರು, ಅತ್ತಿಗೆಯ ಜೊತೆಯವರು.

ಅವಳು ಶೆಡ್ಡಿನ ದಾರಿ ಹಿಡಿದಳು. ದಿನವೂ ನಡೆಯುವ ದಾರಿ. ಬಿರುಬಿರನೆ ಹೋಗುತ್ತಿದ್ದ ಅವಳ ಜೊತೆ ಹೆಜ್ಜೆ ಹಾಕಲು ನಾನು ಅರ್ಧ ಓಡಬೇಕಾಯಿತು. ಗೇಟಿನಲ್ಲಿ ಹಾಜರಿ ಬರೆಯುವವನು ಪುಸ್ತಕದಿಂದ ತಲೆಯೆತ್ತಿ, "ಲೇಟಾಯ್ತು, ಬೇಗ ಒಳಗೆ ಹೋಗು" ಎಂದ. ತಗಡಿನ ಗೋಡೆಯ ಆಚೆ ಸುತ್ತಿಗೆಗಳು ಬೀಳುತ್ತಿದ್ದವು. ಬಾಗಿಲಿನಿಂದ ಬೂದುಬಣ್ಣದ ಧೂಳು ಬಿಸಿಲಿಗೆ ಮೆಲ್ಲಗೆ ಹೊರಳುತ್ತಿತ್ತು.

ಅತ್ತಿಗೆ ಗೇಟಿನ ಗೆರೆಗೆ ಒಂದು ಮೊಳ ಈಚೆಗೆ ನಿಂತಳು.

"ನಾನು ಬರಲ್ಲ."

"ಬರಲ್ಲ ಅಂದ್ರೆ?" ಎಂದ ಅವನು. "ಇವತ್ತಾ?"

"ಇವತ್ತು, ನಾಳೆ, ನಾಡಿದ್ದು. ಹೊಡೆದು ಹಾಕು ನನ್ನ ಹೆಸರು." ಅಣ್ಣನ ಕೂಲಿ ಒಂದರಲ್ಲೇ ತಿಂಗಳು ದೂಡುವುದು ಹೇಗೆಂದು ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ನಾಳೆಯಿಂದ ನನ್ನ ಸಂಬಳವೂ ಇರಲಾರದು.

ಅವಳು ಅಂಗೈಗಳನ್ನು ಬಾಯಿಗೆ ಅಡ್ಡ ಹಿಡಿದು ಒಳಗಿನ ಇಬ್ಬರನ್ನು ಹೆಸರು ಹಿಡಿದು ಕೂಗಿದಳು. ಹಾಜರಿಯವನು ಎದ್ದು ನಿಂತ. ನಾನು ಅವನಿಗೂ ಅವಳಿಗೂ ನಡುವೆ ಹೋಗಿ ನಿಂತೆ.

ಒಳಗೆ ಒಂದು ಸುತ್ತಿಗೆ ನಿಂತಿತು. ಉಳಿದವು ನಿಲ್ಲಲಿಲ್ಲ.

ಅತ್ತಿಗೆ ಉಸಿರು ತೆಗೆದುಕೊಂಡು ಮತ್ತೆ ಕೂಗಿದಳು.